ಕಲ್ಲು ಯಾವ ಕಡೆ ಅಂತ ಬರೆದಿಲ್ಲ

ಮಲ್ಲತ್ತಹಳ್ಳಿ
9 ಜೂನ್ 2025, ಸೋಮವಾರ

ಲತಾ,

ಬೆಳಿಗ್ಗೆ ಹನ್ನೊಂದು ಗಂಟೆ. ಐದೂವರೆಗೆ ಎರಡನೇ ಬ್ಲಾಕಿನ ವಾಲ್ವ್ ತಿರುಗಿಸಿ ನೀರು ಬಿಟ್ಟೆ, ಎಂಟಕ್ಕೆ ನಿಲ್ಲಿಸಿದೆ. ಕೆರೆ ಏರಿ ಕೆಳಗಿನ ರಸ್ತೆಗೆ ನೀರು ಹತ್ತಲಿಲ್ಲ. ಮೂಲೆಮನೆ ಪುರುಷೋತ್ತಮ ಮೇಷ್ಟ್ರು ಬನಿಯನ್ನಿನಲ್ಲೇ ಬೀದಿಗೆ ಬಂದರು. "ಏನ್ರೀ ಭೈರೇಶ್, ನಮ್ಮ ಸಂಪ್‌ಗೆ ಬರೀ ಗಾಳಿ ಬಿಟ್ಟು ಹೋಗ್ತೀರಲ್ರೀ!" ಅಂತ ಕೂಗಾಡಿ, ಆಮೇಲೆ ಅವರೇ ಕಾಫಿ ಕೊಟ್ಟು, "ಮನೆಯವರು ಊರಿಂದ ಬಂದ್ರಾ?" ಅಂತ ಕೇಳಿದರು. ಇನ್ನೂ ಇಲ್ಲ ಸಾರ್ ಅಂದೆ.

ಫೋನಿನಲ್ಲಿ ನೀವು ಬರೀ ಹೂಂ ಅಂತೀರಿ, ಹೇಳುವುದಿದ್ದರೆ ನೀರು ಬಿಟ್ಟ ಹೊತ್ತಿನ ಪುಸ್ತಕ ಬರೆಯುವ ಹಾಗೆ ಬರೆದು ಕಳಿಸಿ ಅಂದೆಯಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಹತ್ತನೇ ಕ್ಲಾಸು ಮುಗಿದ ಮೇಲೆ ಆ ಪುಸ್ತಕ ಬಿಟ್ಟು ಬೇರೇನೂ ಬರೆದವನಲ್ಲ. ತಪ್ಪಿದ್ದರೆ ನಗಬೇಡ.

ತಮ್ಮ ದರ್ಶನನ ಮಗುವಿನ ನಾಮಕರಣದ ದಿನ ನೀನು ತೊಟ್ಟಿಲ ಹತ್ತಿರ ಹೋದೆ. ಅವ್ವ ಎಲ್ಲರ ಮುಂದೆ, "ನೀನು ಈ ಕಡೆ ಬಾರಮ್ಮ, ಮೊದಲು ಮಕ್ಕಳೊಂದಿಗರು ಮಗೂನ ಹಾಕ್ಲಿ" ಅಂದಳು. ನಾನು ಅಲ್ಲೇ ಕುರ್ಚಿ ಜೋಡಿಸುತ್ತಿದ್ದೆ. ನನಗೆ ಕೇಳಿಸಿತು. ಕೇಳಿಸಿದ ಮೇಲೂ ಇನ್ನೆರಡು ಕುರ್ಚಿ ಜೋಡಿಸಿದೆ. ಮಾರನೇ ದಿನ ನೀನು ಹುಲಿಯೂರುದುರ್ಗದ ನಿಮ್ಮಣ್ಣನ ಮನೆಗೆ ಹೊರಟಾಗ ಬಸ್ಸಿನ ತನಕ ಬ್ಯಾಗು ಹೊತ್ತುಕೊಂಡು ಬಂದೆ.

ಒಂದು ವಿಷಯ ತಿಳಿಸಬೇಕು. ನನಗೆ ಸ್ಕ್ಯಾನಿಂಗ್ ಆಯಿತು. ಒಳಗೆ ಸಣ್ಣಸಣ್ಣ ಕಲ್ಲುಗಳಿವೆ ಅಂತ ಬಂದಿದೆ. ನೋವಿಲ್ಲ. ಇನ್ನೂ ಬರೆಯಬೇಕು ಅಂತ ಕೂತೆ, ಅವ್ವ ಊಟಕ್ಕೆ ಕರೆಯುತ್ತಿದ್ದಾಳೆ.

ನಾಳೆ ಮೂರನೇ ಬ್ಲಾಕಿಗೆ ನೀರಿನ ದಿನ.

ಭೈರೇಶ್


ಹುಲಿಯೂರುದುರ್ಗ
17 ಜೂನ್ 2025

ರೀ,

ಕಾಗದ ಬಂತು. "ಲತಾ ಅಂದ್ರೆ ಯಾರಮ್ಮ, ಈ ಕಾಲದಲ್ಲೂ ಕಾಗದ ತರಿಸ್ಕೊಳೋರು?" ಅಂತ ಪೋಸ್ಟ್‌ಮನ್ ಬೀದಿಯಲ್ಲೇ ಕೂಗಿದ. ಅತ್ತಿಗೆ ಕವರನ್ನು ಬೆಳಕಿಗೆ ಹಿಡಿದು ನೋಡಿ, ಏನೂ ಕಾಣದೆ, ಆಮೇಲೆ ಕೊಟ್ಟರು.

ಕಲ್ಲು ಯಾವ ಕಡೆ ಅಂತ ಬರೆದಿಲ್ಲ. ಎಡಕ್ಕೋ ಬಲಕ್ಕೋ? ಎಷ್ಟು ದಪ್ಪ ಅಂತ ಹಾಳೆಯಲ್ಲಿ ಬರೆದಿರುತ್ತಾರೆ, ನೋಡಿ. ನಮ್ಮಣ್ಣನಿಗೆ ಐದು ಎಂಎಂ ಇದ್ದದ್ದು ಹುರುಳಿಕಟ್ಟು ಕುಡಿದೇ ಬಿದ್ದುಹೋಯಿತು. ದಿನಾ ಬಿಸಿಲಿನಲ್ಲಿ ವಾಲ್ವ್ ತಿರುಗಿಸುವ ಆ ಕಬ್ಬಿಣದ ಕೀಲಿ ಹೊತ್ತು ಬೀದಿಬೀದಿ ತಿರುಗುತ್ತೀರಿ. ಊರಿಗೆಲ್ಲ ನೀರು ಬಿಟ್ಟು ತಾನು ಒಂದು ಲೋಟ ಕುಡಿಯದ ಗಂಡಸನ್ನು ನಾನು ಬೇರೆ ಕಂಡಿಲ್ಲ. ಎರಡು ಸೇರು ಹುರುಳಿ ಕಟ್ಟಿದ್ದೇನೆ. ಅಣ್ಣ ಶುಕ್ರವಾರ ಸುಂಕದಕಟ್ಟೆಗೆ ಬರುತ್ತಾನೆ, ಹಾಗೇ ಮನೆಗೆ ತಲುಪಿಸುತ್ತಾನೆ. ನೆನೆಹಾಕಿ ಚೆನ್ನಾಗಿ ಬೇಯಿಸಿ ಬಸಿದು ಕುಡಿಯಿರಿ. ಉಪ್ಪು ಬೇಡ. ಟೊಮೆಟೊ ಬೀಜ, ಪಾಲಕ್ ಸೊಪ್ಪು ಮುಟ್ಟಬೇಡಿ.

ಸಿಟ್ಟು ಮಾಡಿಕೊಂಡೇ ಬಂದೆ, ಸುಳ್ಳು ಹೇಳುವುದಿಲ್ಲ. ನೀವು ಕುರ್ಚಿ ಜೋಡಿಸಿದ್ದನ್ನು ನಾನೂ ನೋಡಿದೆ. ಆದರೆ ಯೋಚನೆ ಮಾಡಿದರೆ ಅತ್ತೆ ಇರುವುದನ್ನೇ ಅಂದರು. ಮದುವೆಯಾಗಿ ಒಂಬತ್ತು ವರ್ಷ. ನಿಮ್ಮದು ಸರಿಯಿದೆ ಅಂತ ಪರೀಕ್ಷೆಯಲ್ಲಿ ಆಗಲೇ ಗೊತ್ತಾಗಿತ್ತು, ದೋಷ ನನ್ನಲ್ಲಿ. ಇಲ್ಲಿ ಯಾರಾದರೂ ಕೇಳಿದರೆ ನಾನೇ ಮೊದಲು ಹಾಗೆ ಹೇಳಿಬಿಡುತ್ತೇನೆ. ನಿಮ್ಮ ಮೇಲೆ ಮಾತು ಬರಬಾರದು.

ಅತ್ತೆ ಹೇಳಿದ್ದ ನಾಗರಕಲ್ಲಿನ ಪ್ರದಕ್ಷಿಣೆ ಬಿಟ್ಟಿಲ್ಲ. ಅಲ್ಲಿ ಅರಳೀಕಟ್ಟೆಯಲ್ಲಿ ಇಪ್ಪತ್ತಾರು ದಿನ ಆಗಿತ್ತು, ಮಿಕ್ಕಿದ್ದನ್ನು ಇಲ್ಲಿ ಮಾಡುತ್ತಿದ್ದೇನೆ. ನಲವತ್ತೆಂಟಕ್ಕೆ ಇನ್ನು ನಾಲ್ಕು ದಿನ ಬಾಕಿ. ಒದ್ದೆ ಸೀರೆಯಲ್ಲಿ ಸುತ್ತುವಾಗ ಗಾಳಿ ಬೀಸಿದರೆ ನಡುಕ ಬರುತ್ತದೆ, ಅಷ್ಟೇ.

ಯಾವ ಕಡೆ ಅಂತ ಬರೆಯಿರಿ.

ಲತಾ


ಮಲ್ಲತ್ತಹಳ್ಳಿ
30 ಜೂನ್ 2025, ಸೋಮವಾರ

ಲತಾ,

ಮಧ್ಯಾಹ್ನ ಮೂರು ಗಂಟೆ. ಇವತ್ತು ಕೆಲಸ ಬೇಗ ಮುಗಿಯಿತು. ಏಳನೇ ಕ್ರಾಸಿನಲ್ಲಿ ಪೈಪು ಒಡೆದಿದೆ ಅಂತ ಆ ಸಾಲನ್ನೇ ಬಂದ್ ಮಾಡಿದ್ದಾರೆ.

ಹುರುಳಿ ಬಂದು ಹತ್ತು ದಿನವಾಯಿತು. ಬಂದ ದಿನವೇ ಬರೆಯಬೇಕಿತ್ತು. ನಿಮ್ಮಣ್ಣ ಚೀಲ ಇಳಿಸುತ್ತಾ ಅವ್ವನ ಮುಂದೆಯೇ, "ಭಾವಂಗೆ ಕಲ್ಲಂತಲ್ಲ ಅತ್ತೆ" ಅಂದುಬಿಟ್ಟರು. ಅವತ್ತಿಂದ ಅವ್ವ ದಿನಾ ಬೆಳಿಗ್ಗೆ ಬಾಳೆದಿಂಡಿನ ರಸ ಹಿಂಡಿ ಕೊಡುತ್ತಿದ್ದಾಳೆ. ನಾನು ಕುಡಿಯುವ ತನಕ ಎದುರಿಗೇ ನಿಂತಿರುತ್ತಾಳೆ. ನನ್ನ ಜೊತೆ ಕೆಲಸ ಮಾಡುವ ವೆಂಕಟರಮಣಪ್ಪ ಇದ್ದಾರಲ್ಲ, ಅವರಿಗೂ ಗೊತ್ತಾಗಿದೆ. "ಬಿದ್ರೆ ಬಿಸಾಕ್ಬೇಡ ಗುರು, ತೊಳ್ದು ಕೊಡು, ಉಂಗುರಕ್ಕೆ ಕೂರ್ಸ್ಕೊಂತೀನಿ" ಅಂತಾರೆ. ಎಲ್ಲರೂ ನಗುತ್ತಾರೆ. ನಾನೂ ನಗುತ್ತೇನೆ.

ಯಾವ ಕಡೆ ಅಂತ ಕೇಳಿದೆ. ಎರಡೂ ಕಡೆ ಇದೆ ಲತಾ. ಆದರೆ ನೀನು ಅಂದುಕೊಂಡ ಜಾಗದಲ್ಲಿ ಇಲ್ಲ. ಕಲ್ಲು ಇರುವುದು ಬೀಜದಲ್ಲಿ.

ಇದನ್ನು ಬರೆಯುವುದಕ್ಕೆ ಮೂರು ಹಾಳೆ ಹರಿದೆ.

ಡಾಕ್ಟರು ಹೇಳಿದ್ದು ಹೀಗೆ. ಕಲ್ಲು ಅಂದರೆ ದೊಡ್ಡ ಕಲ್ಲಲ್ಲ, ಸುಣ್ಣದ ಕಣ, ಸಾಸಿವೆಗಿಂತ ಸಣ್ಣದು. ಸ್ಕ್ಯಾನಿಂಗ್ ಪರದೆಯ ಮೇಲೆ ಬಿಳಿ ಚುಕ್ಕೆ ಚೆಲ್ಲಿದ ಹಾಗೆ ಕಾಣುತ್ತದೆ. ನಾನೇ ನೋಡಿದೆ. ನೋವಿರುವುದಿಲ್ಲ, ಔಷಧಿಗೆ ಕರಗುವುದೂ ಇಲ್ಲ. ಮಕ್ಕಳಿರುವ ಗಂಡಸರಲ್ಲೂ ಕೆಲವರಿಗೆ ಇರುತ್ತದಂತೆ. ಹಾಗಾಗಿ ಈ ಚುಕ್ಕೆಗಳೇ ಕಾರಣ ಅಂತ ಬೆರಳು ಮಾಡಿ ತೋರಿಸುವುದಕ್ಕೆ ಆಗುವುದಿಲ್ಲ ಅಂದರು. ಮಕ್ಕಳಾಗದವರನ್ನು ಪರೀಕ್ಷೆ ಮಾಡಿದಾಗ ಇದು ಹೆಚ್ಚಾಗಿ ಕಾಣುತ್ತದಂತೆ. ವೀರ್ಯದ ಪರೀಕ್ಷೆಯೂ ಆಯಿತು. ನನ್ನ ಕೌಂಟು ತುಂಬಾ ಕಡಿಮೆ. ನೂರು ಇರಬೇಕಾದ ಕಡೆ ಐದೂ ಇಲ್ಲ ಅಂತ ನನಗೆ ತಿಳಿಯುವ ಹಾಗೆ ಹೇಳಿದರು.

ಈ ತಿಂಗಳ ಮೊದಲಲ್ಲಿ, ನೀನು ಹೋದ ಮೇಲೆ ಮಾಡಿಸಿದ್ದು. ಹಿಂದೆ ಸರಿಯಿದೆ ಅಂದಿದ್ದು ಆಗಿನ ಮಾತು.

ದೋಷ ನಿನ್ನಲ್ಲಿಲ್ಲ. ಇದನ್ನು ಇನ್ನೊಂದು ಸಲ ಬರೆಯುತ್ತೇನೆ. ದೋಷ ನಿನ್ನಲ್ಲಿಲ್ಲ.

ನಾಳೆ ಪೈಪು ರಿಪೇರಿಗೆ ಜನ ಬರುತ್ತಾರೆ.

ಭೈರೇಶ್


ಹುಲಿಯೂರುದುರ್ಗ
5 ಜುಲೈ 2025

ರೀ,

ಹಿತ್ತಲಿಗೆ ಹೋಗಿ ಓದಿದೆ. ಅತ್ತಿಗೆ ಏನಂತೆ ಅಂದರು. ಕಲ್ಲು ಇನ್ನೂ ಬಿದ್ದಿಲ್ಲವಂತೆ ಅಂದೆ.

ನೀವು ಒಬ್ಬರೇ ಆ ಸ್ಕ್ಯಾನಿಂಗ್ ಕೋಣೆಯಲ್ಲಿ ಮಲಗಿದ್ದಿರಿ. ನನಗೆ ಪ್ರತಿ ಸಲವೂ ನೀವು ಹೊರಗೆ ಬೆಂಚಿನ ಮೇಲೆ ಕೂತಿರುತ್ತಿದ್ದಿರಿ. ನಿಮಗೆ ಯಾರೂ ಇರಲಿಲ್ಲ. ನಾನು ಸಿಟ್ಟಿನಲ್ಲಿ ಬಸ್ಸು ಹತ್ತಬಾರದಾಗಿತ್ತು.

ಇಲ್ಲಿ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಕುಸುಮಾ ನನ್ನ ಜೊತೆ ಓದಿದವಳು. ಬಾಯಿ ಬಿಗಿ, ಯಾರಿಗೂ ಹೇಳುವುದಿಲ್ಲ. ಆ ವರದಿಯ ಜೆರಾಕ್ಸ್ ಮಾಡಿಸಿ ಕಳಿಸಿ, ಅವಳಿಗೆ ತೋರಿಸುತ್ತೇನೆ. ಏನಾದರೂ ದಾರಿ ಇರಬಹುದು.

ಈಗ ಆಷಾಢ. ಕಳೆದ ತಕ್ಷಣ ಬರುತ್ತೇನೆ. ಅತ್ತೆಗೆ ನೀವೊಬ್ಬರೇ ಹೇಳುವುದಕ್ಕೆ ಹೋಗಬೇಡಿ. ನಾನು ಪಕ್ಕದಲ್ಲಿರುತ್ತೇನೆ, ಇಬ್ಬರೂ ಕೂತು ಹೇಳೋಣ. ಅಲ್ಲಿಯ ತನಕ ಬಾಳೆದಿಂಡು ಕುಡಿಯುತ್ತಿರಿ, ಏನೂ ಆಗುವುದಿಲ್ಲ, ದೇಹಕ್ಕೆ ತಂಪು.

ಲತಾ


ಮಲ್ಲತ್ತಹಳ್ಳಿ
10 ಜುಲೈ 2025, ಗುರುವಾರ

ಲತಾ,

ಬೆಳಿಗ್ಗೆ ಒಂಬತ್ತೂವರೆ. ನೀರು ಎಲ್ಲ ಕಡೆಗೂ ಚೆನ್ನಾಗಿ ಹತ್ತಿತು. ಮೇಷ್ಟ್ರು ಕೂಡ ಬೈಯಲಿಲ್ಲ.

ನಿನ್ನ ಕಾಗದವನ್ನು ಶರ್ಟಿನ ಜೇಬಿನಲ್ಲೇ ಇಟ್ಟುಕೊಂಡು ತಿರುಗುತ್ತಿದ್ದೇನೆ. ಇಷ್ಟು ವರ್ಷದಲ್ಲಿ ನೀನು ನನ್ನ ಪಕ್ಕದಲ್ಲಿರುತ್ತೇನೆ ಅಂದದ್ದು ಎಷ್ಟೋ ಸಲ. ಬರವಣಿಗೆಯಲ್ಲಿ ಓದಿದ್ದು ಇದೇ ಮೊದಲು.

ಜೆರಾಕ್ಸ್ ಇದರೊಳಗೆ ಇಟ್ಟಿದ್ದೇನೆ. ಮೇಲಿನ ಒಂದು ಸಾಲು ಸರಿಯಾಗಿ ಬಿದ್ದಿಲ್ಲ. ಅಂಗಡಿಯ ಮೆಷಿನ್ ಹಳೇದು. ಮುಖ್ಯವಾದದ್ದೆಲ್ಲ ಕೆಳಗಿದೆ.

ರೂಮಿಗೆ ಸುಣ್ಣ ಹೊಡೆಸುತ್ತಿದ್ದೇನೆ. ನಿನ್ನ ಹೊಲಿಗೆ ಮೆಷಿನ್ನಿಗೆ ಎಣ್ಣೆ ಬಿಟ್ಟೆ. ಬರುವ ದಿನ ಒಂದು ಫೋನು ಮಾಡು, ಹೂಂ ಅನ್ನುವುದಕ್ಕಾದರೂ ನಾನು ಸಾಕಲ್ಲ. ಸುಮನಹಳ್ಳಿ ಬಸ್‌ಸ್ಟಾಪಿನಲ್ಲಿ ಬಂದು ನಿಂತಿರುತ್ತೇನೆ.

ನಾಳೆ ಬಾಗಿಲಿಗೆ ಬಣ್ಣ ಹಚ್ಚುವವನು ಬರುತ್ತಾನೆ.

ಭೈರೇಶ್


ಹುಲಿಯೂರುದುರ್ಗ
29 ಜುಲೈ 2025, ನಾಗರಪಂಚಮಿ

ಭೈರೇಶ್ ಅವರಿಗೆ,

ಗಂಡನ ಹೆಸರು ಹಿಡಿಯಬಾರದು ಅಂತ ನಮ್ಮಮ್ಮ ಕಲಿಸಿದ್ದಳು. ಒಂಬತ್ತು ವರ್ಷ ನಾನು ನಿಮ್ಮ ಹೆಸರು ಬರೆದದ್ದು ಆಸ್ಪತ್ರೆಯ ಫಾರಂಗಳಲ್ಲಿ ಮಾತ್ರ. ಇವತ್ತು ಇಲ್ಲಿ ಬರೆಯುತ್ತಿದ್ದೇನೆ.

ಕುಸುಮಾ ನಿಮ್ಮ ವರದಿಯನ್ನು ಸಾಲುಸಾಲಾಗಿ ಓದಿ ಅರ್ಥ ಹೇಳಿದಳು. ಮಡಿಸಿ ಕೊಡುವಾಗ, "ನಿಮ್ಮೆಜಮಾನ್ರು ನಿನಗಿಂತ ಎಷ್ಟು ದೊಡ್ಡೋರೇ?" ಅಂದಳು.

"ಆರು ವರ್ಷ."

"ಹಂಗಾದ್ರೆ ಮೂವತ್ತೆಂಟು. ಇದ್ರಲ್ಲಿ ವಯಸ್ಸು ಮೂವತ್ನಾಲ್ಕು ಅಂತಿದೆ ಕಣೇ."

ತಪ್ಪು ಅಚ್ಚಾಗಿರಬೇಕು ಅಂದೆ. ಇರಬಹುದು ಅಂದಳು. ನಾನು ಮನೆಗೆ ಬಂದು ಆ ಹಾಳೆಯನ್ನು ಹದಿನೈದು ದಿನ ನೋಡಿದೆ. ಮೇಲಿನ ಸಾಲಿನಲ್ಲಿ ತಾರೀಖು ಇರುವ ಜಾಗ ಬೆಳ್ಳಗಿದೆ. ಅದರ ಅಂಚು ಸ್ಕೇಲು ಇಟ್ಟ ಹಾಗೆ ನೇರವಾಗಿದೆ. ಹಳೇ ಮೆಷಿನ್ನು ಅಷ್ಟು ನೇರವಾಗಿ ಅಳಿಸುವುದಿಲ್ಲ. ಚೀಟಿ ಮುಚ್ಚಿ ಜೆರಾಕ್ಸ್ ಮಾಡಿಸಿದ್ದೀರಿ. ತಾರೀಖು ಮುಚ್ಚಿದಿರಿ, ಅದರ ಕೆಳಗಿನ ವಯಸ್ಸು ನೋಡಲಿಲ್ಲ.

ನಾಲ್ಕು ವರ್ಷದ ಹಿಂದೆ ವಿಜಯನಗರದ ಡಾಕ್ಟರಮ್ಮ ನಿಮ್ಮನ್ನು ಪರೀಕ್ಷೆಗೆ ಕಳಿಸಿದ್ದರು. ಬಂದವರು ಚಪ್ಪಲಿ ಬಿಡುತ್ತಾ, ಎಲ್ಲಾ ಸರಿಯಿದೆಯಂತೆ ಅಂದಿರಿ. ಒಂದು ತಿಂಗಳಾದ ಮೇಲೆ, ಆಯಮ್ಮನ ಮಾತು ಒರಟು, ಬೇರೆ ಕಡೆ ತೋರಿಸೋಣ ಅಂದಿರಿ. ಬಸವೇಶ್ವರನಗರಕ್ಕೆ ಹೋದೆವು. ಅಲ್ಲಿಯವರು ನಿಮ್ಮ ರಿಪೋರ್ಟು ಕೇಳಿದರು. ನಾನೇ ಹೇಳಿದೆ, "ಅವರದೆಲ್ಲ ಆಗಿದೆ ಡಾಕ್ಟ್ರೇ, ಅವರು ಸರಿ ಇದ್ದಾರೆ, ನನ್ನದೇ ನೋಡಿ." ನೀವು ಪಕ್ಕದ ಕುರ್ಚಿಯಲ್ಲಿದ್ದಿರಿ.

ಆಮೇಲೆ ನನಗೆ ಬಣ್ಣ ಬಿಟ್ಟು ಗರ್ಭದ ನಳಿಕೆ ನೋಡುವ ಪರೀಕ್ಷೆ ಆಯಿತು. ಕಿರುಚಿದೆ, ನಿಮಗೆ ಹೊರಗೆ ಕೇಳಿಸಿರಬೇಕು. ಸೊಂಟಕ್ಕೆ ಇಂಜೆಕ್ಷನ್ ಎಷ್ಟು ಅಂತ ಲೆಕ್ಕ ಇಟ್ಟಿಲ್ಲ. ಮಾರನೇ ವರ್ಷ ಹೊಟ್ಟೆಗೆ ಮೂರು ತೂತು ಮಾಡಿ ಕ್ಯಾಮೆರಾ ಇಳಿಸಿದರು. ಎಚ್ಚರವಾದಾಗ ನೀವು ಎಳನೀರು ಹಿಡಿದುಕೊಂಡು ನಿಂತಿದ್ದಿರಿ. ನಿಮ್ಮ ಕಣ್ಣಲ್ಲಿ ನೀರಿತ್ತು. ನನ್ನ ಗಂಡನಿಗೆ ನನ್ನ ಮೇಲೆ ಎಷ್ಟು ಪ್ರೀತಿ ಅಂತ ಪಕ್ಕದ ಮಂಚದವಳಿಗೆ ಹೇಳಿದ್ದೆ. ಆ ಕಣ್ಣೀರು ಯಾವುದಕ್ಕೆ ಅಂತ ಈಗ ಗೊತ್ತಾಯಿತು.

ಹೆದರಿ ಒಂದು ದಿನ ಮುಚ್ಚಿಟ್ಟಿದ್ದರೆ, ಒಂದು ವಾರ ಮುಚ್ಚಿಟ್ಟಿದ್ದರೆ, ಗಂಡಸರ ಬುದ್ಧಿ ಅಂದುಕೊಳ್ಳುತ್ತಿದ್ದೆ. ಹೋದ ತಿಂಗಳು ನೀವು ದೋಷ ನಿನ್ನಲ್ಲಿಲ್ಲ ಅಂತ ಎರಡು ಸಲ ಬರೆದಿರಿ. ಆ ಕಾಗದದಲ್ಲೂ ಸುಳ್ಳಿತ್ತು. ನನಗೆ ಅದನ್ನು ದಾಟಲಿಕ್ಕೆ ಆಗುತ್ತಿಲ್ಲ.

ಕುಸುಮಾ ಹೇಳಿದ ಇನ್ನೊಂದು ವಿಷಯ. ಇಂಥ ಚುಕ್ಕೆ ಇರುವವರು, ಅದರಲ್ಲೂ ಕೌಂಟು ಕಡಿಮೆ ಇರುವವರು, ತಿಂಗಳಿಗೊಮ್ಮೆ ತಾವೇ ಮುಟ್ಟಿ ಗಂಟೇನಾದರೂ ಇದೆಯಾ ಅಂತ ನೋಡಿಕೊಳ್ಳಬೇಕಂತೆ, ವರ್ಷಕ್ಕೊಮ್ಮೆ ಡಾಕ್ಟರಿಗೆ ತೋರಿಸಬೇಕಂತೆ. ಅಪರೂಪಕ್ಕೆ ಕ್ಯಾನ್ಸರ್ ಆಗುವುದುಂಟಂತೆ. ವರದಿಯ ಕೊನೆಯಲ್ಲೂ ಮತ್ತೆ ತೋರಿಸಿ ಅಂತ ಬರೆದಿದೆ. ನಾಲ್ಕು ವರ್ಷ ತೋರಿಸಿಲ್ಲ ನೀವು. ಮೊದಲು ಹೋಗಿ ತೋರಿಸಿ.

ಅತ್ತೆಗೆ ನೀವೇ ಹೇಳಿ. ಹೇಳಿದರೆ ಬರುತ್ತೇನೆ ಅಂತ ತಿಳಿಯಬೇಡಿ. ನಾನು ಬರುವುದಿಲ್ಲ. ನನಗೆ ಅಂಟಿದ ಆ ಮಾತು ನಿಮ್ಮ ಬಾಯಿಂದಲೇ ಹೋಗಬೇಕು.

ಇವತ್ತು ಊರಿನ ಹೆಂಗಸರೆಲ್ಲ ನಾಗರಕಲ್ಲಿಗೆ ಹಾಲೆರೆಯಲು ಹೋಗಿದ್ದಾರೆ. ನಾನು ಹೋಗಲಿಲ್ಲ.

ಲತಾ


ಮಲ್ಲತ್ತಹಳ್ಳಿ
17 ಆಗಸ್ಟ್ 2025, ಭಾನುವಾರ

ಲತಾ,

ಸಂಜೆ ನಾಲ್ಕು ಗಂಟೆ. ಇವತ್ತು ನನಗೆ ರಜೆ. ಬೆಳಿಗ್ಗೆ ಎದ್ದು ಅವ್ವನ ಎರಡು ಸೀರೆ ಇಸ್ತ್ರಿ ಮಾಡಿಸಿಕೊಂಡು ಬಂದೆ. ಯಾಕೆ ಅಂತ ಆಮೇಲೆ ಬರೆಯುತ್ತೇನೆ.

ನೀನು ಬರೆದದ್ದೆಲ್ಲ ನಿಜ. ಚೀಟಿ ಮುಚ್ಚಿದ್ದೂ ನಿಜ. ಜೆರಾಕ್ಸ್ ಅಂಗಡಿಯವನು, "ಅಣ್ಣ, ಚೀಟಿ ಅಡ್ಡ ಬಂದಿದೆ, ತೆಗೀಲಾ?" ಅಂತ ಕೇಳಿದ. ಇರಲಿ ಬಿಡಪ್ಪ ಅಂದೆ.

ಯಾಕೆ ಅಂತ ನೀನು ಕೇಳಿಲ್ಲ. ಆದರೂ ಬರೆಯುತ್ತೇನೆ, ಕ್ಷಮಿಸು ಅನ್ನುವುದಕ್ಕಲ್ಲ. ಅವತ್ತು ಮನೆಗೆ ಬಂದಾಗ ಹೇಳಬೇಕು ಅಂತಲೇ ಬಂದೆ. ನೀನು ಬಾಗಿಲಲ್ಲೇ ಏನಂದ್ರು ಅಂತ ಕೇಳಿದೆ. ಒಳಗೆ ಅವ್ವ ಇದ್ದಳು, ದರ್ಶನ ಇದ್ದ. ಎಲ್ಲಾ ಸರಿಯಿದೆಯಂತೆ ಅಂತ ಬಾಯಿಗೆ ಬಂದುಬಿಟ್ಟಿತು. ನಾಳೆ ಒಬ್ಬಳೇ ಇದ್ದಾಗ ಹೇಳೋಣ ಅಂದುಕೊಂಡೆ. ಮಾರನೇ ದಿನ ನೀನು ನಗುತ್ತಾ ನಗುತ್ತಾ, "ಹಂಗಾದ್ರೆ ನನ್ನದೇ ರಿಪೇರಿ ಅನ್ನಿ" ಅಂದೆ. ಅವತ್ತೂ ಆಗಲಿಲ್ಲ. ಪ್ರತಿ ದಿನವೂ ಹಿಂದಿನ ದಿನದ ಸುಳ್ಳನ್ನೂ ಸೇರಿಸಿ ಹೇಳಬೇಕಾಗಿ ಬಂತು. ನಿನ್ನನ್ನು ಆಪರೇಷನ್ನಿಗೆ ಒಳಗೆ ಕರೆದುಕೊಂಡು ಹೋಗುವಾಗ ನರ್ಸಮ್ಮನ ಹಿಂದೆ ನಾಲ್ಕು ಹೆಜ್ಜೆ ಹೋದೆ. ಬಾಗಿಲು ಹಾಕಿಕೊಂಡರು. ಆ ನಾಲ್ಕು ಹೆಜ್ಜೆಯಲ್ಲಿ ಹೇಳಬಹುದಿತ್ತು.

ಐದನೇ ತಾರೀಖು ಡಾಕ್ಟರ ಹತ್ತಿರ ಹೋದೆ. ಮತ್ತೆ ಸ್ಕ್ಯಾನಿಂಗ್ ಆಯಿತು. ಚುಕ್ಕೆಗಳು ಹಾಗೇ ಇವೆ, ಗಂಟೇನೂ ಇಲ್ಲ. ವರ್ಷಕ್ಕೊಮ್ಮೆ ಬರಬೇಕು ಅಂದಿದ್ದಾರೆ. ಮುಟ್ಟಿ ನೋಡಿಕೊಳ್ಳುವುದು ಹೇಗೆ ಅಂತಲೂ ಹೇಳಿಕೊಟ್ಟರು. ಕೌಂಟು ಮೊದಲಿಗಿಂತಲೂ ಕಡಿಮೆಯಾಗಿದೆ. "ಆಗ್ಲೇ ಬಂದಿದ್ರೆ ಸುಲಭ ಇತ್ತು. ಈಗ್ಲೂ ದಾರಿ ಇಲ್ಲ ಅಂತಲ್ಲ. ಆದ್ರೆ ಇಬ್ರೂ ಬರ್ಬೇಕಾಗತ್ತೆ" ಅಂದರು. ನಾನು ಆಯ್ತು ಸಾರ್ ಅಂತ ಎದ್ದು ಬಂದೆ.

ಅವ್ವನಿಗೆ ಹೇಳುವುದಕ್ಕೆ ಇನ್ನೂ ಎಂಟು ದಿನ ಹಿಡಿಯಿತು. ಬುಧವಾರ ಬೆಳಿಗ್ಗೆ ಬಾಳೆದಿಂಡಿನ ಲೋಟ ತಂದಳು. ಬೇಡ ಅವ್ವ ಅಂದೆ.

"ಕುಡಿಯೋ, ಕರಗ್ತದೆ."

"ಇದು ಕರಗೋ ಕಲ್ಲಲ್ಲ ಅವ್ವ. ಬೀಜದಾಗೈತೆ. ಮಕ್ಕಳಾಗದೆ ಇರೋದು ನನ್ನಿಂದ. ಲತಂದು ಏನೂ ತಪ್ಪಿಲ್ಲ."

ಅವಳು ಲೋಟ ಹಿಡಿದುಕೊಂಡೇ ಕೂತಳು. "ಅಯ್ಯೋ, ಯಾವಾಗ ಹೇಳಿದ್ರೋ ಡಾಕ್ಟ್ರು?"

"ನಾಲ್ಕು ವರ್ಷ ಆಯ್ತು."

"ಅವ್ಳ ಹೊಟ್ಟೆ ಕುಯ್ಸಿದ್ದು?"

"ಆಮೇಲೆ."

ಹೊಡೆಯುತ್ತಾಳೆ ಅಂದುಕೊಂಡೆ. ಹೊಡೆಯಲಿಲ್ಲ. "ನಲವತ್ತೆಂಟು ದಿನ ಆ ಮಗೀನ ಒದ್ದೆ ಸೀರೇಲಿ ಕಲ್ಲು ಸುತ್ತಿಸ್ದೆ ಕಣೋ ನಾನು. ತೊಟ್ಟಿಲು ಮುಟ್ಬೇಡ ಅಂದೆ. ಎಲ್ಲಾನೂ ನೋಡ್ಕೊಂಡು ಅನ್ನ ಹೆಂಗೆ ಇಳೀತಿತ್ತೋ ನಿಂಗೆ?" ಅಂದಳು. ಮೂರು ದಿನ ತಟ್ಟೆಯನ್ನು ಸದ್ದಾಗುವ ಹಾಗೆ ಮುಂದೆ ಇಟ್ಟು ಹೋಗುತ್ತಿದ್ದಳು. ದರ್ಶನನಿಗೂ ಅವನ ಹೆಂಡತಿಗೂ ಅವಳೇ ಹೇಳಿದ್ದಾಳೆ. ಕೆಲಸದ ಕಡೆ ವೆಂಕಟರಮಣಪ್ಪನವರಿಗೆ ನಾನೇ ಹೇಳಿದೆ. ಅವರು ನಗಲಿಲ್ಲ. ಕೀಲಿ ತಗೊಂಡು, "ಇವತ್ತು ನಾನೇ ತಿರುಗಿಸ್ತೀನಿ ಬಿಡು" ಅಂದರು.

ನಿನ್ನೆ ಸಂಜೆ ಅವ್ವ ಮಾತಾಡಿದಳು. "ಸೋಮವಾರ ನನ್ನ ಬಸ್ ಹತ್ಸು. ದುರ್ಗಕ್ಕೆ ಹೋಗ್ತೀನಿ" ಅಂದಳು.

"ನಾನೂ ಬರ್ತೀನಿ ಅವ್ವ."

"ನೀನು ಯಾಕೆ? ನಿನ್ನ ಮಾತು ಹೇಳಕ್ಕೆ ಹೋಗ್ತಿಲ್ಲ ನಾನು. ನಾನು ಅಂದಿದ್ದು ನಂದು, ಅದ್ನ ನಾನೇ ತೊಳ್ಕೋಬೇಕು."

ಅವಳನ್ನು ನಾನು ಕಳಿಸುತ್ತಿಲ್ಲ, ಲತಾ. ನೀನು ಬರಬೇಕು ಅಂತ ಹೇಳಿಸುತ್ತಲೂ ಇಲ್ಲ. ಅವಳು ಕರೆದರೆ ನಿನಗೆ ತೋಚಿದ್ದು ಹೇಳು. ಬರುವುದಿಲ್ಲ ಅಂದರೆ ನಾನು ಇನ್ನೊಂದು ಕಾಗದ ಹಾಕಿ ಪೀಡಿಸುವುದಿಲ್ಲ. ಹೊಲಿಗೆ ಮೆಷಿನ್ನು ಬೇಕಿದ್ದರೆ ಅವಳ ಹತ್ತಿರ ಹೇಳಿ ಕಳಿಸು, ಲಗೇಜ್ ಆಟೋದಲ್ಲಿ ಹಾಕಿ ಕಳಿಸುತ್ತೇನೆ.

ಈ ಕಾಗದ ಅವಳ ಕೈಯಲ್ಲೇ ಕೊಡುತ್ತಿದ್ದೇನೆ. ಅವಳಿಗೆ ಓದು ಬರುವುದಿಲ್ಲ, ನಿನಗೆ ಗೊತ್ತಲ್ಲ.

ನಾಳೆ ಬೆಳಿಗ್ಗೆ ಏಳಕ್ಕೆ ಅವ್ವನನ್ನು ಸುಮನಹಳ್ಳಿಯಲ್ಲಿ ಮಾಗಡಿ ಬಸ್ಸು ಹತ್ತಿಸುತ್ತೇನೆ. ಮಾಗಡಿಯಲ್ಲಿ ಇಳಿದು ದುರ್ಗದ ಬಸ್ಸಿಗೆ ಅವಳೊಬ್ಬಳೇ ಹತ್ತಬೇಕು.

ಭೈರೇಶ್